ದೂರ ಪ್ರಯಾಣದ ಭಾರಿ ಮೋಟಾರು ಸೈಕಲ್‌ಗಳ ನಿರ್ವಹಣೆ ಮತ್ತು ದುರಸ್ತಿ: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಹಿಂಬದಿ ಸವಾರ ಹಾಗೂ ಸಾಮಾನುಗಳೊಡನೆ ದಿನವೊಂದಕ್ಕೆ ನೂರಾರು ಕಿಲೋಮೀಟರ್ ಕ್ರಮಿಸುವ ಉದ್ದೇಶದಿಂದಲೇ ತಯಾರಾದ ಭಾರಿ ಮೋಟಾರು ಸೈಕಲ್‌ಗಳು ರಾಜ್ಯದ ರಸ್ತೆಗಳಲ್ಲಿಯೂ ಸಂಚರಿಸುತ್ತಿವೆ. ಹೋಂಡಾ ಗೋಲ್ಡ್ ವಿಂಗ್, ಹಾರ್ಲೆ ಡೇವಿಡ್‌ಸನ್ ಸಂಸ್ಥೆಯ ಎಲೆಕ್ಟ್ರಾ ಗ್ಲೈಡ್, ಬಿ.ಎಂ.ಡಬ್ಲ್ಯೂ. ಕೆ 1600 ಮೊದಲಾದವು ಈ ವರ್ಗಕ್ಕೆ ಸೇರಿದವು. ಇವುಗಳ ಪೈಕಿ ಗೋಲ್ಡ್ ವಿಂಗ್ 1974ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ಮೊದಲಿಗೆ ಅನಾವರಣಗೊಂಡಿತು. 2001ರ ಮಾದರಿಯಿಂದ ಅದಕ್ಕೆ 1,832 ಘನ ಸೆಂ.ಮೀ. ಸಾಮರ್ಥ್ಯದ ಆರು ಸಿಲಿಂಡರುಗಳ ಎಂಜಿನ್ ಅಳವಡಿಸಲಾಯಿತು. ಇಂಧನ ತುಂಬಿದಾಗ ಆ ಮಾದರಿಯ ತೂಕ 400 ಕಿಲೋಗ್ರಾಂ ಮೀರುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಇಂತಹ ವಾಹನವೂ ಸಾಮಾನ್ಯ ಮೋಟಾರು ಸೈಕಲ್ಲೇ ಆಗಿರುತ್ತದೆ. ಅರ್ಜಿ ನಮೂನೆಯೂ ಅದೇ, ತಪಾಸಣೆಯೂ ಅದೇ. ಆದರೆ ಇದರ ನಿರ್ವಹಣೆಯು ನೂರು ಸಿ.ಸಿ. ವಾಹನದ ನಿರ್ವಹಣೆಯಂತಲ್ಲ. ಸಣ್ಣ ವಾಹನದಲ್ಲಿ ಕೇವಲ ಅನನುಕೂಲವೆನಿಸುವ ದೋಷವು, ಇಬ್ಬರು ಸವಾರರೂ ಸೇರಿ ಅರ್ಧ ಟನ್ನಿಗೂ ಮಿಗಿಲಾದ ತೂಕ ಹೊತ್ತು ಘಟ್ಟ ಇಳಿಯುವ ವಾಹನದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

2010ರವರೆಗೆ ನೋಂದಣಿಯಾದ ಇಂತಹ ವಾಹನಗಳು ಹದಿನೈದು ವರ್ಷಗಳ ಅವಧಿಯನ್ನು ಈಗಾಗಲೇ ಪೂರೈಸಿವೆ. ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರಿಗೆ ನೆರವಾಗಲೆಂದು ಈ ಮಾಹಿತಿಯನ್ನು ಸರಳವಾಗಿ ವಿವರಿಸಲಾಗಿದೆ.

2. ನೋಂದಣಿ ನವೀಕರಣದ ಕಾನೂನು ಸ್ಥಿತಿ

ಮೋಟಾರು ವಾಹನಗಳ ಕಾಯ್ದೆ, 1988ರ 41ನೇ ಕಲಮಿನ ಮೇರೆಗೆ ಸಾರಿಗೆಯೇತರ ವಾಹನದ ನೋಂದಣಿ ಪ್ರಮಾಣಪತ್ರವು ಸಾಮಾನ್ಯವಾಗಿ ಹದಿನೈದು ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಆ ಬಳಿಕ ಪ್ರತಿ ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳತಕ್ಕದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 52ನೇ ನಿಯಮದಂತೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ಅವಧಿ ಮುಗಿಯುವ ದಿನಕ್ಕಿಂತ 60 ದಿನಗಳಿಗೂ ಮುಂಚಿತವಾಗಿ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಅವಧಿ ಮುಗಿದ ನಂತರ ಸಲ್ಲಿಸಿದಲ್ಲಿ ವಿಳಂಬಕ್ಕೆ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ. ಆಮದು ಮಾಡಿಕೊಂಡ ದ್ವಿಚಕ್ರ ವಾಹನಗಳಿಗೆ ಶುಲ್ಕದ ದರ ಪ್ರತ್ಯೇಕವಾಗಿದ್ದು, ಸಾಮಾನ್ಯ ದ್ವಿಚಕ್ರ ವಾಹನದ ದರಕ್ಕಿಂತ ಬಹಳ ಹೆಚ್ಚಾಗಿದೆ. ಆದುದರಿಂದ ಚಾಲ್ತಿ ದರವನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ.

ನವೀಕರಣದ ಸಮಯದಲ್ಲಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಅರ್ಜಿಯೊಡನೆ ಈ ಕೆಳಗಿನ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು:

(ಅ) ನೋಂದಣಿ ಪ್ರಮಾಣಪತ್ರ
(ಆ) ಚಾಲ್ತಿಯಲ್ಲಿರುವ ವಿಮಾ ಪತ್ರ. 146ನೇ ಕಲಮಿನಂತೆ ಮೂರನೇ ವ್ಯಕ್ತಿಯ ಹೊಣೆಗಾರಿಕೆಯ ವಿಮೆ ಕಡ್ಡಾಯ.
(ಇ) ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ. ಭಾರತ್ ಸ್ಟೇಜ್ 4 ಮತ್ತು ಅದರ ನಂತರದ ಮಾನದಂಡದ ವಾಹನಗಳಿಗೆ ಇದು ಒಂದು ವರ್ಷ, ಅದಕ್ಕೂ ಹಿಂದಿನ ವಾಹನಗಳಿಗೆ ಆರು ತಿಂಗಳು ಸಿಂಧುವಾಗಿರುತ್ತದೆ.
(ಈ) ತೆರಿಗೆ ಪಾವತಿಯ ವಿವರ ಹಾಗೂ ಅನ್ವಯವಾಗುವಲ್ಲಿ ಹಸಿರು ತೆರಿಗೆ
(ಉ) ಮಾಲೀಕರ ಗುರುತು ಮತ್ತು ವಿಳಾಸದ ದಾಖಲೆ

ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪ್ರಮಾಣಪತ್ರಕ್ಕೆ ತಾಳೆಯಾಗಬೇಕು. ಪ್ರವಾಸಿ ಮೋಟಾರು ಸೈಕಲ್‌ಗಳಲ್ಲಿ ಈ ಸಂಖ್ಯೆಗಳು ಪ್ಲಾಸ್ಟಿಕ್ ಹೊದಿಕೆಗಳ ಹಿಂದೆ ಮರೆಯಾಗಿ, ಧೂಳು ಮತ್ತು ಎಣ್ಣೆಯ ಜಿಡ್ಡಿನಿಂದ ಮುಚ್ಚಿರುವುದುಂಟು. ಅವು ಎಲ್ಲಿವೆಯೆಂಬುದನ್ನು ಮೊದಲೇ ತಿಳಿದುಕೊಂಡು ಶುಚಿಗೊಳಿಸಿ ತಂದಲ್ಲಿ ಅರ್ಜಿದಾರರ ಸಮಯ ಉಳಿಯುತ್ತದೆ. ತುಕ್ಕು ತೆಗೆಯಲು ಮರಳುಕಾಗದದಿಂದ ಉಜ್ಜಬಾರದು. ಅಂಕಿಗಳು ಅಳಿಸಿದಂತೆ ಕಂಡುಬಂದಲ್ಲಿ ಅನಗತ್ಯ ಸಂಶಯಕ್ಕೆ ಎಡೆಯಾಗುತ್ತದೆ.

3. ಬ್ರೇಕು ವ್ಯವಸ್ಥೆ

ಭಾರಿ ವಾಹನದ ನಿರ್ವಹಣೆಯಲ್ಲಿ ಮೊದಲ ಸ್ಥಾನ ಬ್ರೇಕಿನದು. ಬ್ರೇಕ್ ದ್ರವವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವಾಂಶ ಸೇರಿದಂತೆಲ್ಲ ಅದು ಕುದಿಯುವ ಉಷ್ಣತೆ ಕಡಿಮೆಯಾಗುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಟ್ಟಗಳಲ್ಲಿ ಸತತವಾಗಿ ಬ್ರೇಕು ಹಾಕುತ್ತ ಇಳಿಯುವಾಗ ಉಂಟಾಗುವ ಶಾಖಕ್ಕೆ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಗುಳ್ಳೆಗಳು ಒತ್ತಡವನ್ನು ಮುಂದಕ್ಕೆ ಸಾಗಿಸಲಾರವು. ಹೀಗಾಗಿ ಬ್ರೇಕಿನ ಹಿಡಿಕೆಯು ಹ್ಯಾಂಡಲ್‌ಗೆ ತಾಗುವಷ್ಟು ಒಳಕ್ಕೆ ಹೋದರೂ ವಾಹನ ನಿಲ್ಲುವುದಿಲ್ಲ. ಈ ಕಾರಣದಿಂದ ವಾಹನ ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಗಳಿಗೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸಬೇಕು. ದ್ರವದ ದರ್ಜೆಯನ್ನು ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿರುತ್ತದೆ. ಅದೇ ದರ್ಜೆಯದನ್ನೇ, ಮೊಹರು ಒಡೆಯದ ಡಬ್ಬಿಯಿಂದ ಉಪಯೋಗಿಸತಕ್ಕದ್ದು.

ಹಲವು ಪ್ರವಾಸಿ ಮೋಟಾರು ಸೈಕಲ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕುಗಳನ್ನು ಪರಸ್ಪರ ಜೋಡಿಸಲಾಗಿರುತ್ತದೆ. ಮೊದಲ ತಲೆಮಾರಿನ ಜಿ.ಎಲ್. 1800 ಗೋಲ್ಡ್ ವಿಂಗ್‌ನಲ್ಲಿ ಮುಂದಿನ ಬ್ರೇಕು ಹಿಡಿದಾಗ ಎಡಗಡೆಯ ಕ್ಯಾಲಿಪರ್ ತುಸು ಚಲಿಸಿ, ಅಲ್ಲಿರುವ ಎರಡನೆಯ ಮಾಸ್ಟರ್ ಸಿಲಿಂಡರನ್ನು ಒತ್ತಿ, ಹಿಂದಿನ ಬ್ರೇಕನ್ನೂ ಹಾಕುತ್ತದೆ. ಈ ಸಿಲಿಂಡರಿನ ಒಳಗಿನ ಸೂಕ್ಷ್ಮ ರಂಧ್ರ ಮುಚ್ಚಿಕೊಂಡಲ್ಲಿ ಒತ್ತಡ ಇಳಿಯುವುದಿಲ್ಲ. ಸವಾರರು ಬ್ರೇಕು ಬಿಟ್ಟಿದ್ದರೂ ಹಿಂದಿನ ಚಕ್ರ ಹಿಡಿದುಕೊಂಡೇ ಇರುತ್ತದೆ. ಆ ಶಾಖದಿಂದ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಇರುವುದರಿಂದ ತಯಾರಕರು 2011ರಲ್ಲಿ ಅಮೆರಿಕದಲ್ಲಿ ಸುಮಾರು 1,26,000 ವಾಹನಗಳನ್ನು ತಪಾಸಣೆಗೆ ಹಿಂದಕ್ಕೆ ಕರೆದರು. 2014ರಲ್ಲಿ ಆ ಭಾಗದ ಬದಲಾವಣೆಗೆಂದು ಮತ್ತೊಮ್ಮೆ ಕರೆದರು.

ಆ ಕಾಲದ ವಾಹನವುಳ್ಳವರು ಮನೆಯಲ್ಲಿಯೇ ಒಂದು ಸರಳ ಪರೀಕ್ಷೆ ಮಾಡಬಹುದು. ಎಂಜಿನ್ ನಿಲ್ಲಿಸಿ, ವಾಹನವನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿರಿ. ಬಳಿಕ ಇನ್ನೊಬ್ಬರು ಮುಂದಿನ ಎಡ ಕ್ಯಾಲಿಪರನ್ನು ಅದು ಚಲಿಸುವ ದಿಕ್ಕಿಗೆ ಕೈಯಿಂದ ಗಟ್ಟಿಯಾಗಿ ಒತ್ತಿದಾಗ ಹಿಂದಿನ ಚಕ್ರ ಹಿಡಿದುಕೊಳ್ಳಬೇಕು. ಕೈ ಬಿಟ್ಟೊಡನೆ ಮತ್ತೆ ಸಲೀಸಾಗಿ ತಿರುಗಬೇಕು. ತಿರುಗದಿದ್ದಲ್ಲಿ ವಾಹನವನ್ನು ಓಡಿಸಕೂಡದು. ತಳ್ಳುವಾಗ ವಾಹನ ಎಂದಿಗಿಂತ ಭಾರವೆನಿಸುವುದು, ಸವಾರಿಯ ನಂತರ ಹಿಂದಿನ ಚಕ್ರದ ಬಳಿ ವಿಪರೀತ ಶಾಖ ಅಥವಾ ಸುಟ್ಟ ವಾಸನೆ, ಕಾರಣವಿಲ್ಲದೆ ಮೈಲೇಜು ಕುಸಿಯುವುದು, ಇವೆಲ್ಲವೂ ಇದೇ ದೋಷದ ಸೂಚನೆಗಳು. ಶಾಖವನ್ನು ತಿಳಿಯಲು ಡಿಸ್ಕನ್ನು ಕೈಯಿಂದ ಮುಟ್ಟಬಾರದು.

ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಪ್ಯಾಡ್ ಬದಲಿಸುವಾಗಲೆಲ್ಲ ಆ ಅಳತೆಯನ್ನೂ ನೋಡತಕ್ಕದ್ದು.

4. ಟೈರುಗಳು

ಕಡಿಮೆ ಓಡಿದ ವಾಹನದ ಟೈರು ಹೊಸದರಂತೆಯೇ ಕಾಣುತ್ತದೆ. ಆದರೆ ರಬ್ಬರು ವರ್ಷಗಳು ಕಳೆದಂತೆ ಗಡುಸಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ 3521 ಎಂದಿದ್ದಲ್ಲಿ 2021ನೇ ವರ್ಷದ 35ನೇ ವಾರವೆಂದು ತಿಳಿಯತಕ್ಕದ್ದು. ಐದು ವರ್ಷ ಕಳೆದ ಟೈರನ್ನು ಪ್ರತಿ ವರ್ಷ ತಜ್ಞರಿಂದ ಪರೀಕ್ಷಿಸಿಕೊಳ್ಳಬೇಕು. ಬದಿಯಲ್ಲಿ ಬಿರುಕು ಕಂಡಲ್ಲಿ ಪಟ್ಟೆಯ ಆಳ ಎಷ್ಟಿದ್ದರೂ ಬದಲಿಸಬೇಕು. ಪಟ್ಟೆಗಳ ನಡುವೆ ಇರುವ ಸವೆತ ಸೂಚಕದ ಉಬ್ಬು ಮೇಲ್ಮೈಗೆ ಸಮವಾದ ಟೈರು ತಪಾಸಣೆಯಲ್ಲಿ ಅಂಗೀಕೃತವಾಗುವುದಿಲ್ಲ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಜಿ.ಎಲ್. 1800 ಮಾದರಿಗೆ ಮುಂದೆ 36, ಹಿಂದೆ 41 ಪಿ.ಎಸ್.ಐ. ಎಂದು ತಯಾರಕರು ನಿಗದಿಪಡಿಸಿದ್ದಾರೆ. ಸಾಮಾನ್ಯ ಬೈಕುಗಳ ಅಂದಾಜಿನಲ್ಲಿ ಕಡಿಮೆ ಗಾಳಿ ತುಂಬಿಸಿದಲ್ಲಿ ಟೈರು ಒಳಗಿಂದಲೇ ಕಾಯುತ್ತದೆ, ತಿರುವಿನಲ್ಲಿ ವಾಹನ ತೂಗಾಡುತ್ತದೆ. ಭಾರ ಹೊರುವ ಸೂಚ್ಯಂಕ ಮತ್ತು ವೇಗದ ಸಂಕೇತ ಮೂಲ ಟೈರಿನಷ್ಟೇ ಇರುವ ಟೈರನ್ನು ಮಾತ್ರ ಕೊಳ್ಳಬೇಕು. ಗಾತ್ರ ಸರಿಯಿದೆಯೆಂದು ಕಾರಿನ ಟೈರನ್ನು ಹಿಂದಿನ ಚಕ್ರಕ್ಕೆ ಹಾಕುವ ಪರಿಪಾಠ ಕೆಲವರಲ್ಲಿದೆ. ಮೋಟಾರು ಸೈಕಲ್ ವಾಲಿ ತಿರುಗುವ ವಾಹನ, ಕಾರಿನ ಟೈರು ಚಪ್ಪಟೆ ಮೇಲ್ಮೈಯುಳ್ಳದ್ದು. ಆದುದರಿಂದ ಇದು ಸುರಕ್ಷಿತವಲ್ಲ.

ಟ್ಯೂಬ್ ಇಲ್ಲದ ಟೈರಿಗೆ ದಾರಿಯಲ್ಲಿ ಹಾಕಿಸಿದ ಪಂಕ್ಚರ್ ಪ್ಲಗ್ ತಾತ್ಕಾಲಿಕ ವ್ಯವಸ್ಥೆ ಮಾತ್ರ. ನಿಧಾನವಾಗಿ ಮುಂದಿನ ಊರು ಸೇರಿ, ಟೈರನ್ನು ಕಳಚಿ ಒಳಭಾಗ ಪರೀಕ್ಷಿಸಿಕೊಳ್ಳಬೇಕು. ಟೈರಿನ ಬದಿಯಲ್ಲಾದ ತೂತಿಗೆ ದುರಸ್ತಿಯಿಲ್ಲ.

5. ಎಂಜಿನ್ ಮತ್ತು ಚಾಲನಾ ಭಾಗಗಳು

ಎಂಜಿನ್ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಇವೆರಡರಲ್ಲಿ ಯಾವುದು ಮೊದಲೋ ಆಗ ಬದಲಿಸಬೇಕು. ಹೆಚ್ಚಿನ ಮೋಟಾರು ಸೈಕಲ್‌ಗಳಲ್ಲಿ ಕ್ಲಚ್ಚು ಕೂಡ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಕಾರಿನ ಎಣ್ಣೆ ಹಾಕಿದಲ್ಲಿ ಕ್ಲಚ್ಚು ಜಾರಬಹುದು. ಹಾರ್ಲೆ ಡೇವಿಡ್‌ಸನ್‌ನ ಪ್ರವಾಸಿ ಮಾದರಿಗಳಲ್ಲಿ ಎಂಜಿನ್, ಪ್ರೈಮರಿ ಕೇಸ್ ಮತ್ತು ಗೇರ್ ಪೆಟ್ಟಿಗೆಗಳಿಗೆ ಬೇರೆ ಬೇರೆ ಎಣ್ಣೆಯಿರುತ್ತದೆ. ಒಂದನ್ನು ಬದಲಿಸಿ ಉಳಿದವನ್ನು ಮರೆಯಬಾರದು.

ನೀರಿನಿಂದ ತಣಿಯುವ ಎಂಜಿನ್‌ಗಳಿಗೆ ನಲ್ಲಿ ಅಥವಾ ಕೊಳವೆಬಾವಿಯ ನೀರು ತುಂಬಿಸಬಾರದು. ಅದರಲ್ಲಿನ ಲವಣಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಗಟ್ಟುತ್ತವೆ. ನಗರದ ವಾಹನ ದಟ್ಟಣೆಯಲ್ಲಿ ಎಂಜಿನ್ ವಿಪರೀತ ಕಾಯಲು ಇದೂ ಒಂದು ಕಾರಣ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಕೂಡದು.

ಜಿ.ಎಲ್. 1000ದಿಂದ ಜಿ.ಎಲ್. 1500ರವರೆಗಿನ ಗೋಲ್ಡ್ ವಿಂಗ್‌ಗಳಲ್ಲಿ ಕವಾಟಗಳನ್ನು ನಡೆಸುವುದು ರಬ್ಬರಿನ ಟೈಮಿಂಗ್ ಬೆಲ್ಟು. ಜಿ.ಎಲ್. 1800ರಿಂದ ಅದರ ಬದಲು ಚೈನು ಬಂದಿದೆ. ಬೆಲ್ಟು ತುಂಡಾದಲ್ಲಿ ಕವಾಟಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೆಲ್ಟು ತುಂಡಾಗುವ ಮೊದಲು ಯಾವ ಸದ್ದನ್ನೂ ಮಾಡದಿರಬಹುದು. ಹಳೆಯ ಮಾದರಿಯನ್ನು ಕೊಂಡವರು ಬೆಲ್ಟು ಯಾವಾಗ ಬದಲಾಯಿತೆಂಬ ದಾಖಲೆ ಇಲ್ಲದಿದ್ದಲ್ಲಿ, ಬದಲಾಗಿಲ್ಲವೆಂದೇ ಭಾವಿಸಿ ಹೊಸದನ್ನು ಹಾಕಿಸುವುದು ಲೇಸು. ಬೆಲ್ಟಿನ ಬೆಲೆಗೂ ಎಂಜಿನ್ ದುರಸ್ತಿಯ ವೆಚ್ಚಕ್ಕೂ ಹೋಲಿಕೆಯೇ ಇಲ್ಲ.

ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸುವ ವಿಧಾನ ಮೂರು ಬಗೆಯದು. ಗೋಲ್ಡ್ ವಿಂಗ್ ಮತ್ತು ಕೆ 1600ರಲ್ಲಿ ಶಾಫ್ಟು, ಹಾರ್ಲೆಯಲ್ಲಿ ಬೆಲ್ಟು, ಇತರ ಅನೇಕ ವಾಹನಗಳಲ್ಲಿ ಚೈನು. ಶಾಫ್ಟಿಗೆ ನಿರ್ವಹಣೆಯೇ ಬೇಡವೆಂಬ ನಂಬಿಕೆ ಸರಿಯಲ್ಲ. ಅದರ ಕೊನೆಯ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಟೈರಿಗಾಗಿ ಚಕ್ರ ಕಳಚಿದಾಗಲೆಲ್ಲ ಜೋಡಣೆಯ ಹಲ್ಲುಗಳಿಗೆ ಕೈಪಿಡಿಯಲ್ಲಿ ಸೂಚಿಸಿದ ಗ್ರೀಸು ಹಚ್ಚಿಸಬೇಕು. ಒಣಗಿದ ಹಲ್ಲುಗಳು ಸವೆದು ಹೋದಲ್ಲಿ ದುಬಾರಿ ಭಾಗಗಳನ್ನೇ ಬದಲಿಸಬೇಕಾಗುತ್ತದೆ.

ಗಾಳಿ ಶೋಧಕದ ವಿಚಾರದಲ್ಲಿಯೂ ಎಚ್ಚರ ಅಗತ್ಯ. ಮೊದಲ ತಲೆಮಾರಿನ ಜಿ.ಎಲ್. 1800ರಲ್ಲಿ ಅದನ್ನು ತಲುಪಲು ಮೇಲಿನ ಹಲವು ಹೊದಿಕೆಗಳನ್ನು ಬಿಚ್ಚಬೇಕಾಗುತ್ತದೆ. ಬಿಲ್ಲಿನಲ್ಲಿ ಶೋಧಕದ ಬೆಲೆ ಕಂಡರೂ ಕೆಲಸ ನಡೆಯದಿರುವ ಸಂಭವವುಂಟು. ತೆಗೆದ ಹಳೆಯ ಶೋಧಕವನ್ನು ಕೇಳಿ ಪಡೆಯುವುದು ಮಾಲೀಕರ ಹಕ್ಕೆಂದು ತಿಳಿಯತಕ್ಕದ್ದು.

6. ಇಂಧನ ಮತ್ತು ಬ್ಯಾಟರಿ

ಶೇಕಡ 20ರಷ್ಟು ಎಥನಾಲ್ ಮಿಶ್ರಿತ ಪೆಟ್ರೋಲು 2025ರ ವೇಳೆಗೆ ದೇಶದಾದ್ಯಂತ ಬಳಕೆಗೆ ಬಂದಿದೆ. ಹಳೆಯ ಪ್ರವಾಸಿ ವಾಹನಗಳ ರಬ್ಬರು ಕೊಳವೆ ಹಾಗೂ ಸೀಲುಗಳನ್ನು ಈ ಪ್ರಮಾಣದ ಎಥನಾಲ್ ಲೆಕ್ಕಕ್ಕೆ ತೆಗೆದುಕೊಂಡು ತಯಾರಿಸಿರುವುದಿಲ್ಲ. ಕೊಳವೆ ಮೆದುವಾಗಿದೆಯೇ, ಬಿರುಕು ಬಿಟ್ಟಿದೆಯೇ, ಪೆಟ್ರೋಲಿನ ವಾಸನೆ ಬರುತ್ತಿದೆಯೇ ಎಂಬುದನ್ನು ಆರು ತಿಂಗಳಿಗೊಮ್ಮೆ ನೋಡಬೇಕು. ಎಥನಾಲ್ ನೀರನ್ನು ಸೆಳೆಯುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ವಾಹನದ ಟ್ಯಾಂಕಿನಲ್ಲಿ ತುಕ್ಕು ಹಿಡಿಯಬಹುದು.

ಬ್ಯಾಟರಿಯು ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ಅಥವಾ ಹೆಚ್ಚು, ಎಂಜಿನ್ ಓಡುತ್ತಿರುವಾಗ ಸುಮಾರು 14 ವೋಲ್ಟ್ ತೋರಿಸಬೇಕು. ಓಡುವಾಗಲೂ 13ಕ್ಕಿಂತ ಕೆಳಗಿದ್ದಲ್ಲಿ ದೋಷ ಬ್ಯಾಟರಿಯದಲ್ಲ, ಚಾರ್ಜಿಂಗ್ ವ್ಯವಸ್ಥೆಯದಿರಬಹುದು. 400 ಕಿಲೋಗ್ರಾಂ ತೂಕದ ವಾಹನವನ್ನು ತಳ್ಳಿ ಚಾಲೂ ಮಾಡಲಾಗದೆಂಬುದನ್ನು ಮರೆಯಬಾರದು.

7. ಯಾವ ದುರಸ್ತಿ ಮನೆಯಲ್ಲಿ, ಯಾವುದು ಗ್ಯಾರೇಜಿನಲ್ಲಿ

ಎಣ್ಣೆ ಮತ್ತು ಅದರ ಫಿಲ್ಟರ್ ಬದಲಾವಣೆ, ಬ್ಯಾಟರಿಯ ಆರೈಕೆ, ಬಲ್ಬು ಮತ್ತು ಫ್ಯೂಸು, ಗಾಳಿಯ ಒತ್ತಡ, ಚೈನಿನ ಶುಚಿತ್ವ, ಇವನ್ನು ಕೈಪಿಡಿ ಓದಬಲ್ಲ ಮಾಲೀಕರು ತಾವೇ ಮಾಡಿಕೊಳ್ಳಬಹುದು. ಬ್ರೇಕಿನ ಹೈಡ್ರಾಲಿಕ್ ಭಾಗಗಳು, ಎ.ಬಿ.ಎಸ್., ಸ್ಟೀರಿಂಗ್ ಬೇರಿಂಗು, ಫೋರ್ಕು, ಟೈಮಿಂಗ್ ಬೆಲ್ಟು, ಚಕ್ರ ಕಳಚುವಿಕೆ ಇವನ್ನು ಅನುಭವವುಳ್ಳ ಮೆಕ್ಯಾನಿಕರಿಗೆ ವಹಿಸತಕ್ಕದ್ದು. ಚಕ್ರದ ಆಕ್ಸಲ್ ಮತ್ತು ಕ್ಯಾಲಿಪರಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು.

ವಾಹನ ಉರುಳಿದಲ್ಲಿ ಸೊಂಟ ಬಗ್ಗಿಸಿ ಒಬ್ಬರೇ ಎತ್ತಲು ಯತ್ನಿಸಬಾರದು. ಎಂಜಿನ್ ನಿಲ್ಲಿಸಿ, ಇನ್ನೊಬ್ಬರ ನೆರವು ಪಡೆದು, ವಾಹನ ಬಲಕ್ಕೆ ಬಿದ್ದಿದ್ದಲ್ಲಿ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಟ್ಟು ಎತ್ತಬೇಕು. ಜಾಕಿಯ ಮೇಲೆ ಮಾತ್ರ ನಿಂತಿರುವ ವಾಹನದ ಕೆಳಗೆ ಕೈ ಹಾಕಬಾರದು.

ಬಳಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಅಧಿಕೃತವಾಗಿ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸತಕ್ಕದ್ದು. ಪ್ರತಿ ಸರ್ವಿಸಿನ ದಿನಾಂಕ, ಕಿಲೋಮೀಟರು, ಬದಲಿಸಿದ ಭಾಗ ಮತ್ತು ಬಿಲ್ಲನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ಮಾರಾಟದ ಕಾಲದಲ್ಲಿ ವಾಹನಕ್ಕೆ ಬೆಲೆ ತರುವುದೂ ವಿಮಾ ಪರಿಹಾರದ ಸಂದರ್ಭದಲ್ಲಿ ಆಧಾರವಾಗುವುದೂ ಈ ಲೆಕ್ಕವೇ.

8. ದುರಸ್ತಿ ಬೇರೆ, ಮಾರ್ಪಾಡು ಬೇರೆ

ಸವೆದ ಭಾಗಕ್ಕೆ ಅದೇ ಬಗೆಯ ಭಾಗ ಹಾಕುವುದು ದುರಸ್ತಿ. ನೋಂದಣಿ ಪ್ರಮಾಣಪತ್ರದಲ್ಲಿರುವ ಹಾಗೂ ತಯಾರಕರು ನಿರ್ದಿಷ್ಟಪಡಿಸಿರುವ ವಿವರಗಳಿಗೆ ವ್ಯತ್ಯಾಸ ತರುವುದು ಮಾರ್ಪಾಡು. ಕಾಯ್ದೆಯ 52ನೇ ಕಲಮು ಇದನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು.

ಭಾರಿ ಮೋಟಾರು ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಆಕ್ಷೇಪಣೆಗೆ ಗುರಿಯಾಗುವ ಅಂಶಗಳು: ಕರ್ಕಶ ಶಬ್ದದ ಸೈಲೆನ್ಸರು, ಎದುರಿನವರ ಕಣ್ಣು ಕುಕ್ಕುವ ಹೆಚ್ಚುವರಿ ದೀಪ, ಬಣ್ಣದ ಬದಲಾವಣೆ, ಹಿಂದೆ ಎರಡು ಚಕ್ರ ಜೋಡಿಸಿ ತ್ರಿಚಕ್ರವಾಗಿಸುವುದು. ಕೊನೆಯದು ಅಮೆರಿಕದಲ್ಲಿ ಗೋಲ್ಡ್ ವಿಂಗ್ ಮಾಲೀಕರ ನಡುವೆ ಪ್ರಚಲಿತವಾಗಿದ್ದರೂ, ನಮ್ಮಲ್ಲಿ ಅದು ವಾಹನದ ವರ್ಗವನ್ನೇ ಬದಲಿಸುವಂತಹುದು. ಎಂಜಿನ್ ಅಥವಾ ಚಾಸಿಸ್ ಬದಲಿಸಬೇಕಾದ ಪ್ರಸಂಗ ಬಂದಲ್ಲಿ ಕೆಲಸಕ್ಕೆ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ಸಂಪರ್ಕಿಸತಕ್ಕದ್ದು.

9. ಹಳೆಯ ವಾಹನ ಕೊಳ್ಳುವವರಿಗೆ

ಒಂದೇ ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಹಸ್ತಾಂತರವನ್ನು ವರದಿ ಮಾಡಬೇಕು. ನಮೂನೆ 29 ಮತ್ತು 30 ಇದಕ್ಕೆ ನಿಗದಿಯಾಗಿವೆ. ಬೇರೆ ರಾಜ್ಯದ ವಾಹನವಾದಲ್ಲಿ ನಮೂನೆ 28ರಲ್ಲಿ ಆಕ್ಷೇಪಣಾರಹಿತ ಪತ್ರ ಬೇಕು. ಹಣ ಕೊಡುವ ಮುನ್ನ ನೋಂದಣಿಯ ಉಳಿದ ಅವಧಿ, ಬಾಕಿ ತೆರಿಗೆ, ದಂಡದ ಚಲನ್‌ಗಳು ಹಾಗೂ ತಯಾರಕರು ಹಿಂದಕ್ಕೆ ಕರೆದಾಗ ಆಗಬೇಕಿದ್ದ ಕೆಲಸ ಆಗಿದೆಯೇ ಎಂಬುದನ್ನು ಚಾಸಿಸ್ ಸಂಖ್ಯೆಯ ಮೂಲಕ ವಿಚಾರಿಸಿಕೊಳ್ಳಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನ ಹದಿನೈದು ವರ್ಷಗಳಲ್ಲಿ ಬಹಳ ಕಡಿಮೆ ಓಡಿದೆ. ತಪಾಸಣೆಯಿಂದ ವಿನಾಯಿತಿ ಇದೆಯೇ?
ಉತ್ತರ: ಇಲ್ಲ. ಅವಧಿಯನ್ನು ವರ್ಷಗಳಿಂದ ಲೆಕ್ಕ ಹಾಕಲಾಗುತ್ತದೆ. ಟೈರು, ಬ್ರೇಕ್ ದ್ರವ, ರಬ್ಬರು ಕೊಳವೆಗಳು ನಿಂತಲ್ಲಿಯೇ ಹಳತಾಗುತ್ತವೆ.

ಪ್ರಶ್ನೆ: ನೋಂದಣಿ ಅವಧಿ ಮುಗಿದಿದೆ. ಬಿಡಿಭಾಗಗಳು ಹೊರದೇಶದಿಂದ ಬರಬೇಕಿದೆ. ಅಲ್ಲಿಯವರೆಗೆ ಓಡಿಸಬಹುದೇ?
ಉತ್ತರ: ಓಡಿಸಕೂಡದು. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ ಬಿಡಿಭಾಗಗಳನ್ನು ತರಿಸಿಕೊಂಡಲ್ಲಿ ಈ ತೊಡಕು ಬರುವುದಿಲ್ಲ.

ಪ್ರಶ್ನೆ: ತಪಾಸಣೆಯಲ್ಲಿ ದೋಷ ಕಂಡುಬಂದಲ್ಲಿ ಅರ್ಜಿ ತಿರಸ್ಕೃತವಾಗುವುದೇ?
ಉತ್ತರ: ಸರಿಪಡಿಸಬಹುದಾದ ದೋಷವನ್ನು ಅರ್ಜಿದಾರರಿಗೆ ತಿಳಿಸಲಾಗುವುದು. ದುರಸ್ತಿ ಮಾಡಿಸಿ ವಾಹನವನ್ನು ಮರಳಿ ಹಾಜರುಪಡಿಸಬಹುದು. ದುರಸ್ತಿಯ ಬಿಲ್ಲನ್ನು ಜೊತೆಗೆ ತರುವುದು ಅನುಕೂಲ.

ಪ್ರಶ್ನೆ: ಹಳೆಯ ವಾಹನದಲ್ಲಿ ಎ.ಬಿ.ಎಸ್. ಇಲ್ಲ. ನವೀಕರಣ ಸಾಧ್ಯವೇ?
ಉತ್ತರ: ಸಾಧ್ಯ. 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾದುದು 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ತಯಾರಾಗುವ ಎಲ್ಲ ಮಾದರಿಗಳಿಗೆ. ಅದಕ್ಕೂ ಹಿಂದೆ ತಯಾರಾದ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಇರುವ ಬ್ರೇಕು ಸುಸ್ಥಿತಿಯಲ್ಲಿರತಕ್ಕದ್ದು.

11. ಸೂಚನೆ

ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾಯ್ದೆ, ನಿಯಮ ಹಾಗೂ ಕಾಲಕಾಲಕ್ಕೆ ಹೊರಡುವ ಅಧಿಸೂಚನೆಗಳೇ ಅಂತಿಮ. ವಾಹನದ ತಾಂತ್ರಿಕ ಅಳತೆಗಳಿಗೆ ಆಯಾ ತಯಾರಕರ ಕೈಪಿಡಿಯನ್ನೇ ಪ್ರಮಾಣವೆಂದು ಪರಿಗಣಿಸತಕ್ಕದ್ದು. ನಮೂನೆ 25ನ್ನು ಭರ್ತಿ ಮಾಡುವ ಮುನ್ನ ಮೇಲಿನ ಅಂಶಗಳನ್ನು ಒಮ್ಮೆ ಪರಿಶೀಲಿಸಿಕೊಂಡು, ದಾಖಲೆಗಳೊಡನೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಗೆ ಕಚೇರಿ ವೇಳೆಯಲ್ಲಿ ಹಾಜರಾಗಬೇಕೆಂದು ಕೋರಲಾಗಿದೆ.